ಓದುಗರ ಪ್ರಶ್ನೆ: ಕೈಲಿರುವ ದುಡ್ಡಿಗೆ ಗೇಮಿಂಗ್ ಪಿಸಿ

ಈ ಸಂಚಿಕೆಗೆ ಆಯ್ದುಕೊಂಡ ಪ್ರಶ್ನೆಗಳೆಲ್ಲ ಕಾಲೇಜು ವಿದ್ಯಾರ್ಥಿಗಳವು. ವಿಷಯವೂ ಒಂದೇ: ಬಿಡಿಭಾಗ ಕೊಂಡು ತಾವೇ ಜೋಡಿಸುವ ಗೇಮಿಂಗ್ ಪಿಸಿ. ಬಿಡಿಭಾಗಗಳ ಬೆಲೆ ಇವತ್ತು ಇದ್ದಂತೆ ನಾಳೆ ಇರುವುದಿಲ್ಲವಾದ್ದರಿಂದ ಹಣದ ಮಾತು ಬಂದಲ್ಲಿ ಒಟ್ಟು ಬಜೆಟ್ಟಿನ ಶೇಕಡಾವಾರು ಲೆಕ್ಕವನ್ನಷ್ಟೇ ಕೊಟ್ಟಿದ್ದೇವೆ.

ಪ್ರಶ್ನೆ: ಬಜೆಟ್ ತುಂಬ ಬಿಗಿ. ಪರಿಚಯದವರು ‘ಪ್ರೊಸೆಸರ್ ಗಟ್ಟಿ ಇರಲಿ, ಉಳಿದದ್ದು ಆಮೇಲೆ ನೋಡ್ಕೊಳ್ಳಬಹುದು’ ಅನ್ನುತ್ತಾರೆ. ಯಾವ ಭಾಗಕ್ಕೆ ಎಷ್ಟು ದುಡ್ಡು ಎತ್ತಿಡಬೇಕು?
— ಪದವಿ ಎರಡನೇ ವರ್ಷದ ಓದುಗ

ಉತ್ತರ: ದೊಡ್ಡ ಪ್ರೋಗ್ರಾಂ ಕಂಪೈಲ್ ಮಾಡುವವರಿಗೆ, ತ್ರೀಡಿ ರೆಂಡರ್ ಮಾಡುವವರಿಗೆ ಆ ಮಾತು ಸರಿ. ಗೇಮಿಗೆ ಸರಿಯಲ್ಲ. ಪರದೆಯ ಮೇಲಿನ ಪ್ರತಿ ಚಿತ್ರವನ್ನೂ ಬರೆಯುವುದು ಗ್ರಾಫಿಕ್ಸ್ ಕಾರ್ಡ್. ಆದ್ದರಿಂದ ಸಿಂಹಪಾಲು ಅದಕ್ಕೇ ಹೋಗಬೇಕು. ಮಾನಿಟರ್, ಕೀಬೋರ್ಡ್, ಮೌಸ್ ಬಿಟ್ಟು ಪೆಟ್ಟಿಗೆಯೊಳಗಿನ ಲೆಕ್ಕ ಸುಮಾರಾಗಿ ಹೀಗಿರಲಿ: ಗ್ರಾಫಿಕ್ಸ್ ಕಾರ್ಡಿಗೆ ಶೇ. 40, ಪ್ರೊಸೆಸರಿಗೆ 17, ಮದರ್‌ಬೋರ್ಡಿಗೆ 12, ರ‍್ಯಾಮಿಗೆ 9, ಪವರ್ ಸಪ್ಲೈಗೆ 9, ಎಸ್‌ಎಸ್‌ಡಿಗೆ 8, ಕ್ಯಾಬಿನೆಟ್ಟಿಗೆ 5. ರ‍್ಯಾಮ್ ಮತ್ತು ಎಸ್‌ಎಸ್‌ಡಿಯ ಮೆಮೊರಿ ಚಿಪ್ಪುಗಳ ಬೆಲೆ ಆಗಾಗ ಜಿಗಿಯುತ್ತದೆ. ಅಂಥ ಹೊತ್ತಿನಲ್ಲಿ ಕಾರ್ಡಿನ ಪಾಲಿನಿಂದ ಎರಡು ಮೂರು ಅಂಶ ಆ ಕಡೆಗೆ ಸರಿಸಿ. ಪವರ್ ಸಪ್ಲೈನ ಪಾಲನ್ನು ಮಾತ್ರ ಯಾವ ಕಾರಣಕ್ಕೂ ಮುಟ್ಟಬೇಡಿ. ಯಾಕೆ ಅಂತ ಮುಂದೆ ಒಂದು ಉತ್ತರದಲ್ಲಿದೆ.

ಈ ಲೆಕ್ಕಕ್ಕೂ ಮೊದಲು ಕೇಳಿಕೊಳ್ಳಬೇಕಾದದ್ದು ಒಂದಿದೆ. ಯಾವ ಗೇಮ್, ಯಾವ ಮಾನಿಟರ್? ವ್ಯಾಲೊರಂಟ್, ಕೌಂಟರ್‌ಸ್ಟ್ರೈಕ್ 2 ತರಹದ ಸ್ಪರ್ಧಾ ಗೇಮ್‌ಗಳನ್ನು 144 ಹರ್ಟ್ಸ್ (ಸೆಕೆಂಡಿಗೆ 144 ಸಲ ಚಿತ್ರ ಬದಲಿಸುವ) ಪರದೆಯಲ್ಲಿ ಆಡುವುದೇ ಗುರಿಯಾದರೆ ಪ್ರೊಸೆಸರಿನ ಪಾಲು ಶೇ. 22ರವರೆಗೂ ಹೋಗಬಹುದು. ಅಲ್ಲಿ ಚಿತ್ರ ಸರಳ, ಸೆಕೆಂಡಿಗೆ ನೂರಾರು ಸಲ ಆಟದ ಲೆಕ್ಕ ಹಾಕುವ ಕೆಲಸವೇ ಭಾರ. ದೊಡ್ಡ ಕತೆಯುಳ್ಳ ಭಾರಿ ಗೇಮ್‌ಗಳನ್ನು 60 ಹರ್ಟ್ಸಿನಲ್ಲಿ ಆಡುವವರು ಅದೇ ಹಣವನ್ನು ಕಾರ್ಡಿಗೆ ಸೇರಿಸುವುದು ಲೇಸು. ಮಾನಿಟರ್ 1920×1080, ಅಂದರೆ 1080ಪಿ, ಇದ್ದರೆ ಸಾಕು. 1440ಪಿಗೆ (2560×1440) ಹೋದರೆ ಬಿಂದುಗಳ ಸಂಖ್ಯೆ ಸುಮಾರು ಮುಕ್ಕಾಲು ಪಾಲು ಹೆಚ್ಚುತ್ತದೆ, ಅಷ್ಟು ಹೊರೆ ಹೊರುವ ಕಾರ್ಡ್ ಈ ಬಜೆಟ್ಟಿಗೆ ಹೊಸದಾಗಿ ಸಿಗುವುದು ಕಷ್ಟ.

ಪ್ರಶ್ನೆ: ಎಎಂಡಿಯ ಪ್ರೊಸೆಸರ್‌ಗಳಾದ ರೈಜನ್ 5 5500, 5600, 5600ಜಿ: ಮೂರರಲ್ಲೂ 6 ಕೋರ್ (ಲೆಕ್ಕ ಮಾಡುವ ಘಟಕ), 12 ಥ್ರೆಡ್ (ಏಕಕಾಲಕ್ಕೆ ನಡೆಸಬಲ್ಲ ಕೆಲಸದ ಎಳೆ). ಬೆಲೆಯಲ್ಲಿ ಮಾತ್ರ ವ್ಯತ್ಯಾಸ. ಕಡಿಮೆ ಬೆಲೆಯದ್ದು ತಗೊಂಡ್ರೆ ತಪ್ಪೇನು?
— ಡಿಪ್ಲೊಮಾ ವಿದ್ಯಾರ್ಥಿ

ಉತ್ತರ: ಡಬ್ಬದ ಮೇಲೆ ದಪ್ಪಕ್ಷರದಲ್ಲಿ ಇರುವುದು ಕೋರ್‌ಗಳ ಸಂಖ್ಯೆ. ಗೇಮ್‌ನಲ್ಲಿ ವ್ಯತ್ಯಾಸ ತರುವುದು ಅಲ್ಲಿ ಎದ್ದು ಕಾಣದ ಎರಡು ಸಂಗತಿಗಳು. ಒಂದು, ಎಲ್3 ಕ್ಯಾಶೆ, ಅಂದರೆ ಪ್ರೊಸೆಸರಿನೊಳಗಿನ ಪುಟ್ಟ ವೇಗದ ಮೆಮೊರಿ: 5600ರಲ್ಲಿ 32 ಎಂಬಿ, ಉಳಿದೆರಡರಲ್ಲಿ 16 ಎಂಬಿ. ಆಟದ ಜಗತ್ತಿನ ಮಾಹಿತಿ ಕ್ಯಾಶೆಯಲ್ಲಿ ಸಿಕ್ಕದಿದ್ದರೆ ಪ್ರೊಸೆಸರ್ ರ‍್ಯಾಮಿನವರೆಗೆ ಹೋಗಿ ಕಾಯಬೇಕು. ಹಾಗೆ ಕಾಯುವುದೇ ಆಟದ ನಡುವೆ ತಟಕ್ಕನೆ ತಡವರಿಸಿದಂತೆ ಕಾಣಿಸುತ್ತದೆ. ಇನ್ನೊಂದು, ಕಾರ್ಡಿಗೆ ಹೋಗುವ ದಾರಿ: 5600ರಲ್ಲಿ ಪಿಸಿಐಇ 4.0, 5500 ಮತ್ತು 5600ಜಿಯಲ್ಲಿ ಅದರ ಅರ್ಧ ವೇಗದ 3.0. ಕೆಲವು ಅಗ್ಗದ ಕಾರ್ಡುಗಳಿಗೆ ಇದೇ ಮುಳುವಾಗುತ್ತದೆ. ಗ್ರಾಫಿಕ್ಸ್ ಕಾರ್ಡ್ ಹಾಕುವುದು ಖಚಿತವಾಗಿದ್ದರೆ 5600.

5600ಜಿ ಬೇಡವೇ ಬೇಡ ಅಂತೇನಲ್ಲ. ಅದರೊಳಗೇ ಗ್ರಾಫಿಕ್ಸ್ ಇದೆ. ಕಾರ್ಡಿಗೆ ಈಗ ದುಡ್ಡಿಲ್ಲ, ಆರೇಳು ತಿಂಗಳ ಬಳಿಕ ಕೊಳ್ಳುತ್ತೇನೆ ಅನ್ನುವವರಿಗೆ ಅದು ಸರಿಯಾದ ದಾರಿ. ಸ್ಪರ್ಧಾ ಗೇಮ್‌ಗಳು ಕಡಿಮೆ ಸೆಟ್ಟಿಂಗಿನಲ್ಲಿ ಆಡಬಲ್ಲಷ್ಟು ಓಡುತ್ತವೆ. ಆದರೆ ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇರುವುದಿಲ್ಲ, ಸಿಸ್ಟಮ್ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಆದ್ದರಿಂದ ಇಲ್ಲಿ ರ‍್ಯಾಮ್ ಜೋಡಿಯಾಗಿ ಇರಲೇಬೇಕು.

ಇಂಟೆಲ್ ಕಡೆ ನೋಡುವುದಾದರೆ 4 ಕೋರ್, 8 ಥ್ರೆಡ್ಡಿನ ಐ3 12100ಎಫ್ ತೀರಾ ಕೈಬಿಗಿಯಾದಾಗ ನಡೆಯುತ್ತದೆ. ಒಂದು ಮೆಟ್ಟಿಲು ಮೇಲೆ 6 ಕೋರಿನ ಐ5 12400ಎಫ್. ಕೊನೆಯ ‘ಎಫ್’ ಇದ್ದರೆ ಒಳಗೆ ಗ್ರಾಫಿಕ್ಸ್ ಇಲ್ಲವೆಂದೇ ಅರ್ಥ, ಕಾರ್ಡ್ ಇಲ್ಲದೆ ಪರದೆಯಲ್ಲಿ ಏನೂ ಬರುವುದಿಲ್ಲ. ರೈಜನ್ 5600ಕ್ಕೂ ಹಾಗೆಯೇ, ಆದರೆ ಅದರ ಹೆಸರಿನಲ್ಲಿ ಯಾವ ಸುಳಿವೂ ಇರುವುದಿಲ್ಲ.

ಇನ್ನು ಸಾಕೆಟ್, ಅಂದರೆ ಬೋರ್ಡಿನಲ್ಲಿ ಪ್ರೊಸೆಸರ್ ಕೂರುವ ಜಾಗ. ಮೇಲಿನ ಮೂರೂ ರೈಜನ್‌ಗಳು ಕೂರುವ ಎಎಂ4 ಹಳೆಯದಾಯಿತು, ಎಎಂಡಿಯ ಹೊಸ ಪೀಳಿಗೆ 2022ರಲ್ಲಿ ಬಂದ ಎಎಂ5. ಅದರಲ್ಲಿ ಹೊಸ ಪೀಳಿಗೆಯ ಡಿಡಿಆರ್5 ರ‍್ಯಾಮ್ ಮಾತ್ರ ಕೂರುತ್ತದೆ. ಪ್ರೊಸೆಸರ್, ಬೋರ್ಡ್, ರ‍್ಯಾಮ್ ಮೂರರ ಒಟ್ಟು ಬೆಲೆ ಕೂಡಿಸಿ ನೋಡಿ. ಎಎಂ5ಕ್ಕೆ ಹೋಗಲು ಗ್ರಾಫಿಕ್ಸ್ ಕಾರ್ಡನ್ನು ಒಂದು ದರ್ಜೆ ಇಳಿಸಬೇಕಾಗಿ ಬಂದರೆ ಈಗ ಎಎಂ4ನಲ್ಲೇ ಇರಿ. ಇಳಿಸದೆ ಸಾಧ್ಯವಾದರೆ ಎಎಂ5, ರೈಜನ್ 5 7600. ಪೇಟೆಯ ಮುಂದಿನ ದಾರಿ ಅದೇ.

ಪ್ರಶ್ನೆ: ಅಗ್ಗದ ಬೋರ್ಡ್ ಎಷ್ಟು ಅಗ್ಗದ್ದಾದರೂ ಪರವಾಗಿಲ್ಲವೇ? ಎಎಂ4ನ ಬಿ450, ಎ520, ಬಿ550 ಬೋರ್ಡುಗಳು: ಇವುಗಳಲ್ಲಿ ಯಾವುದು?

ಉತ್ತರ: ಬಿ550. ಕಾರ್ಡಿಗೂ ಮೊದಲ ಎಂ.2 (ಎಸ್‌ಎಸ್‌ಡಿ ಕೂರುವ) ಜಾಗಕ್ಕೂ ಪಿಸಿಐಇ 4.0 ಸಿಗುವುದು ಈ ಮೂರರಲ್ಲಿ ಅದರಲ್ಲಿ ಮಾತ್ರ. ಎ520 ಮತ್ತು ಬಿ450ರಲ್ಲಿ 3.0. ಹಳೆ ದಾಸ್ತಾನಿನ ಬಿ450 ಬೋರ್ಡಿಗೆ ಬಯಾಸ್ (ಪಿಸಿಯನ್ನು ಎಬ್ಬಿಸುವ, ಬೋರ್ಡಿನೊಳಗಿನ ತಂತ್ರಾಂಶ) ಅಪ್‌ಡೇಟ್ ಆಗದಿದ್ದರೆ 5600 ಯಾವುದೆಂದೇ ಗೊತ್ತಾಗುವುದಿಲ್ಲ, ಫ್ಯಾನ್ ತಿರುಗುತ್ತದೆ, ಪರದೆ ಕಪ್ಪಾಗಿಯೇ ಉಳಿಯುತ್ತದೆ. ಕೊಳ್ಳುವಾಗಲೇ ಅಪ್‌ಡೇಟ್ ಮಾಡಿಕೊಡಲು ಕೇಳಿ, ಇಲ್ಲವೇ ಬಯಾಸ್ ಫ್ಲ್ಯಾಶ್‌ಬ್ಯಾಕ್ ಬಟನ್ ಇರುವ ಬೋರ್ಡ್ ಆರಿಸಿ. ಆ ಬಟನ್ ಇದ್ದರೆ ಪ್ರೊಸೆಸರ್ ಇಲ್ಲದೆಯೂ, ಎಫ್‌ಎಟಿ32 ಫಾರ್ಮ್ಯಾಟಿನ ಪೆನ್‌ಡ್ರೈವಿನಿಂದ ಹೊಸ ಬಯಾಸ್ ತುಂಬಬಹುದು. ಪ್ರೊಸೆಸರಿನ ಎಡಕ್ಕಿರುವ ವಿದ್ಯುತ್ ಬಿಡಿಗಳ ಮೇಲೆ ಲೋಹದ ಹೀಟ್‌ಸಿಂಕ್ ಇದೆಯೇ, ರ‍್ಯಾಮಿಗೆ ನಾಲ್ಕು ಜಾಗ ಇದೆಯೇ ಅಂತಲೂ ನೋಡಿ. ಬಣ್ಣದ ದೀಪಗಳಿಗೆ ಹೆಚ್ಚು ಕೊಡಬೇಡಿ.

ಪ್ರಶ್ನೆ: ಗ್ರಾಫಿಕ್ಸ್ ಕಾರ್ಡಿನಲ್ಲಿ 4 ಜಿಬಿ, 8 ಜಿಬಿ, 12 ಜಿಬಿ ಅಂತಿರುತ್ತದಲ್ಲ, ಜಿಬಿ ಹೆಚ್ಚಿದ್ದಷ್ಟೂ ಕಾರ್ಡ್ ವೇಗವೇ? ಆರ್‌ಎಕ್ಸ್ 6500 ಎಕ್ಸ್‌ಟಿ ಅಗ್ಗಕ್ಕೆ ಸಿಗ್ತಿದೆ, ತಗೊಳ್ಳಲೇ? ನನ್ನದು ಪಿಸಿಐಇ 3.0 ಇರುವ ಹಳೆಯ ಬೋರ್ಡ್.
— ಪಿಯುಸಿ ವಿದ್ಯಾರ್ಥಿನಿ

ಉತ್ತರ: ತಗೊಳ್ಳಬೇಡಿ. ನಿಮ್ಮ ಬೋರ್ಡಿಗಂತೂ ಖಂಡಿತ ಬೇಡ. ಕಾರ್ಡ್ ಕೂರುವ ಉದ್ದನೆಯ ಸ್ಲಾಟಿನಲ್ಲಿ ಮಾಹಿತಿ ಸಾಗುವ 16 ಲೇನ್‌ಗಳಿರುತ್ತವೆ. 6500 ಎಕ್ಸ್‌ಟಿ ಬಳಸಿಕೊಳ್ಳುವುದು ಅವುಗಳಲ್ಲಿ 4 ಮಾತ್ರ. ಪಿಸಿಐಇ 4.0 ಬೋರ್ಡಿನಲ್ಲಿ ಆ ನಾಲ್ಕರಿಂದ ಸೆಕೆಂಡಿಗೆ ಸುಮಾರು 8 ಜಿಬಿ ಸಾಗುತ್ತದೆ, 3.0 ಬೋರ್ಡಿನಲ್ಲಿ ಅದು 4 ಜಿಬಿಗೆ ಇಳಿಯುತ್ತದೆ. ಮೇಲಾಗಿ ಕಾರ್ಡಿನಲ್ಲಿರುವುದು ಬರೀ 4 ಜಿಬಿ ಮೆಮೊರಿ. ಗೇಮ್‌ನ ಟೆಕ್ಸ್‌ಚರ್‌ಗಳು (ವಸ್ತುಗಳ ಮೇಲ್ಮೈಗೆ ಹಚ್ಚುವ ಚಿತ್ರಗಳು) ಅದರಲ್ಲಿ ಹಿಡಿಸದೆ ಹೋದಾಗ ಉಳಿದದ್ದನ್ನು ಸಿಸ್ಟಮ್ ರ‍್ಯಾಮಿನಿಂದ ಇದೇ ಇಕ್ಕಟ್ಟಿನ ದಾರಿಯಲ್ಲಿ ತರಿಸಿಕೊಳ್ಳಬೇಕು. ಜಾಗವೂ ಚಿಕ್ಕದು, ದಾರಿಯೂ ಕಿರಿದು. ವಿಡಿಯೊ ಎನ್‌ಕೋಡರ್ ಕೂಡ ಅದರಲ್ಲಿಲ್ಲ, ಆಟ ರೆಕಾರ್ಡ್ ಮಾಡಲು ಹೊರಟರೆ ಆ ಹೊರೆಯೂ ಪ್ರೊಸೆಸರ್ ಮೇಲೆ ಬೀಳುತ್ತದೆ.

ಜಿಬಿಗೂ ವೇಗಕ್ಕೂ ನೇರ ಸಂಬಂಧ ಇಲ್ಲ. ಮೆಮೊರಿ ಸಾಲದಿದ್ದರೆ ಆಟ ಕುಂಟುತ್ತದೆ, ಸಾಕಷ್ಟಿದ್ದ ಮೇಲೆ ಇನ್ನಷ್ಟು ಇದ್ದರೂ ವೇಗ ಕೂಡುವುದಿಲ್ಲ. 1080ಪಿಗೆ ಇವತ್ತು 8 ಜಿಬಿ ಕನಿಷ್ಠ. ಹೊಸ ಭಾರಿ ಗೇಮ್‌ಗಳಲ್ಲಿ ಅಷ್ಟಿದ್ದರೂ ಟೆಕ್ಸ್‌ಚರ್ ಸೆಟ್ಟಿಂಗನ್ನು ‘ಅಲ್ಟ್ರಾ’ದಿಂದ ‘ಹೈ’ಗೆ ಇಳಿಸಬೇಕಾಗಿ ಬರಬಹುದು.

ಹೆಸರು ಒಂದೇ, ಸರಕು ಬೇರೆ ಅನ್ನುವ ಕಾರ್ಡುಗಳ ಬಗ್ಗೆ ಹುಷಾರಾಗಿರಿ. ಆರ್‌ಟಿಎಕ್ಸ್ 3050 ಎರಡು ಬಗೆಯಲ್ಲಿದೆ: 8 ಜಿಬಿಯದ್ದು 128 ಬಿಟ್ ಮೆಮೊರಿ ಬಸ್ (ಮೆಮೊರಿಗೆ ಹೋಗುವ ದಾರಿಯ ಅಗಲ) ಇರುವ ಪೂರ್ಣ ಕಾರ್ಡ್, 6 ಜಿಬಿಯದ್ದು 96 ಬಿಟ್‌ಗೆ ಇಳಿಸಿ ಕೋರ್‌ಗಳನ್ನೂ ಕಡಿತ ಮಾಡಿದ್ದು. ಆರ್‌ಟಿಎಕ್ಸ್ 3060ರಲ್ಲೂ 12 ಜಿಬಿಯದ್ದಕ್ಕೆ 192 ಬಿಟ್ ಬಸ್, 8 ಜಿಬಿಯದ್ದಕ್ಕೆ 128. ಆರ್‌ಎಕ್ಸ್ 580 ಹೆಸರಿನ ಮುಂದೆ ‘2048ಎಸ್‌ಪಿ’ ಅಂತಿದ್ದರೆ ಅದು ಮೂಲ 580 ಅಲ್ಲ, ಸುಮಾರಾಗಿ 570. ಜಾಹೀರಾತಿನಲ್ಲಿ ಈ ಬಾಲ ಎಷ್ಟೋ ಸಲ ಬಿಟ್ಟುಹೋಗಿರುತ್ತದೆ. ಡಬ್ಬದ ಪಕ್ಕದಲ್ಲಿ ಅಂಟಿಸಿದ ಪೂರ್ತಿ ಮಾದರಿ ಸಂಖ್ಯೆ ಓದಿಯೇ ಹಣ ಕೊಡಿ.

ನಿಮ್ಮಂಥ ಬಜೆಟ್ಟಿಗೆ ಹೊಂದುವವು: ಆರ್‌ಎಕ್ಸ್ 6600 (8 ಜಿಬಿ, 132 ವ್ಯಾಟ್, 8 ಪಿನ್ನಿನ ಒಂದೇ ವೈರ್ ಸಾಕು), ಆರ್‌ಟಿಎಕ್ಸ್ 3060ರ 12 ಜಿಬಿ ಆವೃತ್ತಿ (170 ವ್ಯಾಟ್), ಸ್ವಲ್ಪ ಕೈ ಚಾಚಿದರೆ ಆರ್‌ಟಿಎಕ್ಸ್ 4060 (8 ಜಿಬಿ, 115 ವ್ಯಾಟ್). 6600 ಮತ್ತು 4060 ಎರಡೂ 8 ಲೇನ್ ಬಳಸುವವು. ಪಿಸಿಐಇ 3.0 ಬೋರ್ಡಿನಲ್ಲಿ ಅಲ್ಪಸ್ವಲ್ಪ ಕಳೆದುಕೊಳ್ಳುತ್ತವೆ, ಗಾಬರಿ ಬೀಳುವಷ್ಟಲ್ಲ. 3060 ಹದಿನಾರನ್ನೂ ಬಳಸುತ್ತದೆ, ಆದ್ದರಿಂದ ನಿಮ್ಮ ಹಳೆ ಬೋರ್ಡಿಗೆ ಅದೇ ನಿಶ್ಚಿಂತೆ. ಇಂಟೆಲ್‌ನ ಆರ್ಕ್ ಬಿ580ರಲ್ಲಿ 12 ಜಿಬಿ ಇದೆ, ಬೆಲೆಗೆ ತಕ್ಕ ವೇಗವೂ ಇದೆ, ಆದರೆ ಬಯಾಸಿನಲ್ಲಿ ‘ರೀಸೈಜಬಲ್ ಬಾರ್’ (ಪ್ರೊಸೆಸರ್ ಕಾರ್ಡಿನ ಮೆಮೊರಿಯನ್ನೆಲ್ಲ ಒಟ್ಟಿಗೆ ಮುಟ್ಟಲು ಬಿಡುವ ಸೌಲಭ್ಯ) ಇರುವ ಬೋರ್ಡ್ ಮತ್ತು ಚುರುಕಾದ ಪ್ರೊಸೆಸರ್ ಕೇಳುತ್ತದೆ. ಹಳೆಯ ಯಂತ್ರಕ್ಕೆ ಅದನ್ನು ಹಾಕಿದರೆ ದುಡ್ಡು ಕೊಟ್ಟಷ್ಟು ಕೆಲಸ ಸಿಗುವುದಿಲ್ಲ.

ಪ್ರಶ್ನೆ: 16 ಜಿಬಿಯ ಒಂದೇ ರ‍್ಯಾಮ್ ಹಾಕಿ ಮುಂದೆ ಇನ್ನೊಂದು ಸೇರಿಸೋಣ ಅಂತ ಯೋಚನೆ. ಸರಿಯೇ?

ಉತ್ತರ: 8 ಜಿಬಿಯ ಎರಡು ಹಾಕಿ. ಒಂದೇ ಇದ್ದರೆ ಪ್ರೊಸೆಸರಿನ ಎರಡು ಮೆಮೊರಿ ಚಾನೆಲ್‌ಗಳಲ್ಲಿ ಒಂದು ಖಾಲಿ ಬಿದ್ದಿರುತ್ತದೆ, ಅರ್ಧ ವೇಗವಷ್ಟೇ ಸಿಗುತ್ತದೆ. ಮುಂದೆ ತರುವ ಇನ್ನೊಂದು ಅದೇ ಕಂಪನಿಯದ್ದೇ ಆದರೂ ಒಳಗಿನ ಚಿಪ್ ಬೇರೆಯಾಗಿದ್ದು ತಕರಾರು ತೆಗೆಯಬಹುದು. ಡಿಡಿಆರ್4 ಆದರೆ 3200 ವೇಗದ, ಸಿಎಲ್16ರ (ಸಿಎಲ್ ಎಂದರೆ ಉತ್ತರ ಕೊಡಲು ಹಿಡಿಯುವ ವಿಳಂಬ) ಜೋಡಿ ಸಾಕು. ಎಎಂ5ಕ್ಕೆ ಡಿಡಿಆರ್5 6000, ಸಿಎಲ್30ರಿಂದ 36ರೊಳಗಿನದ್ದು.

ನಾಲ್ಕು ಸ್ಲಾಟಿನ ಬೋರ್ಡಿನಲ್ಲಿ ಪ್ರೊಸೆಸರಿನಿಂದ ಎಣಿಸಿದರೆ ಎರಡನೆಯ ಮತ್ತು ನಾಲ್ಕನೆಯ ಜಾಗಕ್ಕೆ ಹಾಕಿ. ಹಾಕಿದ ಮೇಲೆ ಬಯಾಸಿಗೆ ಹೋಗಿ ಎಕ್ಸ್‌ಎಂಪಿ ಅಥವಾ ಎಕ್ಸ್‌ಪೋ ಆನ್ ಮಾಡಿ. ಈ ಒಂದು ಕೆಲಸ ಬಿಟ್ಟರೆ 3200ರ ರ‍್ಯಾಮ್ 2133 ಅಥವಾ 2666ರಲ್ಲೇ ತೆವಳುತ್ತಿರುತ್ತದೆ. ಸಿಪಿಯು-ಝಡ್‌ ತಂತ್ರಾಂಶದಲ್ಲಿ 1600 ಅಂತ ಕಂಡರೆ ಹೆದರಬೇಡಿ. ಅದು ಗಡಿಯಾರದ ವೇಗ, ಒಂದು ಬಡಿತಕ್ಕೆ ಎರಡು ಸಲ ಮಾಹಿತಿ ಹೋಗುವುದರಿಂದ 3200 ಆಗುತ್ತದೆ.

ಪ್ರಶ್ನೆ: ಕ್ಯಾಬಿನೆಟ್ ಜತೆಗೇ 500 ವ್ಯಾಟ್ ಪವರ್ ಸಪ್ಲೈ ಉಚಿತವಾಗಿ ಬರುತ್ತದೆ. ನನ್ನ ಕಾರ್ಡಿಗೆ 170 ವ್ಯಾಟ್ ಸಾಕಲ್ಲವೇ? ಬೇರೆ ಯಾಕೆ ಕೊಳ್ಳಬೇಕು?
— ಎಂಜಿನಿಯರಿಂಗ್ ಮೊದಲ ವರ್ಷದ ಓದುಗ

ಉತ್ತರ: ಆ ಪವರ್ ಸಪ್ಲೈ ಪಕ್ಕದಲ್ಲಿ ಒಂದು ಚೀಟಿ ಅಂಟಿಸಿರುತ್ತಾರೆ. ಅದನ್ನು ಓದಿ. ‘500’ ಅನ್ನುವುದು ದೊಡ್ಡದಾಗಿ ಇರುತ್ತದೆ. ಅದರ ಕೆಳಗಿನ ಕೋಷ್ಟಕದಲ್ಲಿ +3.3ವಿ, +5ವಿ, +12ವಿ ಅಂತ ಅಂಕಣಗಳು, ಅವುಗಳ ಕೆಳಗೆ ಆಂಪಿಯರ್ ಸಂಖ್ಯೆಗಳು. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಎರಡೂ ಬದುಕುವುದು 12 ವೋಲ್ಟ್ ಸಾಲಿನ ಮೇಲೆ. ಅಲ್ಲಿ 25 ಆಂಪಿಯರ್ ಅಂತಿದ್ದರೆ 12ರಿಂದ ಗುಣಿಸಿ: 300 ವ್ಯಾಟ್. ನಿಮಗೆ ನಿಜಕ್ಕೂ ಸಿಗುವುದು ಅಷ್ಟೇ. ಉಳಿದದ್ದು 3.3 ಮತ್ತು 5 ವೋಲ್ಟಿನ ಸಾಲುಗಳನ್ನು ಕೂಡಿಸಿ ಉಬ್ಬಿಸಿದ ಲೆಕ್ಕ. ಒಳ್ಳೆಯ 550 ವ್ಯಾಟ್ ಯೂನಿಟ್ಟಿನ 12 ವೋಲ್ಟ್ ಅಂಕಣದಲ್ಲಿ 45 ಆಂಪಿಯರ್ ಆಸುಪಾಸು ಇರುತ್ತದೆ, ಅಂದರೆ 540 ವ್ಯಾಟ್, ಬಹುಪಾಲು ಎಲ್ಲವೂ ಉಪಯೋಗಕ್ಕೆ ಬರುವಂಥದ್ದು.

ಈಗ ನಿಮ್ಮ ಲೆಕ್ಕ. ಕಾರ್ಡಿಗೆ 170. ಪ್ರೊಸೆಸರ್ ರೈಜನ್ 5600 ಅಂತಿಟ್ಟುಕೊಳ್ಳಿ, ಅದರ ಮೇಲೆ 65 ವ್ಯಾಟ್ ಅಂತ ಬರೆದಿದ್ದರೂ ಪೂರ್ತಿ ದುಡಿಯುವಾಗ 76ರವರೆಗೆ ಎಳೆಯುತ್ತದೆ. ಬೋರ್ಡ್, ರ‍್ಯಾಮ್, ಎಸ್‌ಎಸ್‌ಡಿ, ಫ್ಯಾನ್ ಸೇರಿ 50–60. ಮೊತ್ತ 300ರ ಆಸುಪಾಸಿಗೆ ಬಂತು. ಇದರ ಮೇಲೆ, ಕಾರ್ಡುಗಳು ಮಿಲಿಸೆಕೆಂಡುಗಳ ಕಾಲ ತಮ್ಮ ಮಿತಿ ಮೀರಿ ಎಳೆಯುವುದುಂಟು. ಉಬ್ಬಿಸಿದ ಯೂನಿಟ್ ಆ ಕ್ಷಣದಲ್ಲಿ ಕೈಚೆಲ್ಲುತ್ತದೆ, ಆಟದ ನಡುವೆ ಪಿಸಿ ಫಟ್ ಅಂತ ಆಫ್ ಆಗಿ ಮತ್ತೆ ಆನ್ ಆಗುತ್ತದೆ. ಎಷ್ಟೋ ಮಂದಿ ಇದನ್ನು ಕಾರ್ಡಿನ ದೋಷ ಅಂದುಕೊಂಡು ಕಾರ್ಡನ್ನೇ ವಾಪಸ್ ಕೊಡಲು ಹೋಗುತ್ತಾರೆ. ರಕ್ಷಣೆಯ ಸರ್ಕ್ಯೂಟ್‌ಗಳಿಲ್ಲದ ಯೂನಿಟ್ ಆಫ್ ಕೂಡ ಆಗದೆ ತಾನೂ ಸುಟ್ಟು ಬೋರ್ಡನ್ನೂ ಸುಡಬಹುದು.

80 ಪ್ಲಸ್ ಬ್ರಾಂಜ್, ಗೋಲ್ಡ್ ಅನ್ನುವ ಮುದ್ರೆಗಳು ಹೇಳುವುದು ದಕ್ಷತೆಯನ್ನು ಮಾತ್ರ: ಗೋಡೆಯಿಂದ ಎಳೆದ ವಿದ್ಯುತ್ತಿನಲ್ಲಿ ಎಷ್ಟು ಬಿಸಿಯಾಗಿ ಪೋಲಾಗುತ್ತದೆ ಅಂತ. ಗುಣಮಟ್ಟಕ್ಕೆ ಅದೊಂದೇ ಪುರಾವೆಯಲ್ಲ, ಆದರೆ ಮುದ್ರೆಯೇ ಇಲ್ಲದ್ದನ್ನು ದೂರವಿಡಿ. ನಿಮಗೆ 550 ವ್ಯಾಟ್, ಬ್ರಾಂಜ್, ಐದು ವರ್ಷ ವಾರಂಟಿಯದ್ದು. ಮುಂದೆ ಕಾರ್ಡ್ ಬದಲಿಸಿದಾಗಲೂ ಅದು ಉಳಿಯುತ್ತದೆ.

ವೈರ್ ಬಿಚ್ಚಬಹುದಾದ ಮಾಡ್ಯುಲರ್ ಯೂನಿಟ್ ಕೊಂಡರೆ ಒಂದು ಎಚ್ಚರಿಕೆ. ಹಳೆಯ ಯೂನಿಟ್ಟಿನ ವೈರನ್ನು ಹೊಸದಕ್ಕೆ ಸಿಕ್ಕಿಸಬೇಡಿ. ಯೂನಿಟ್ ಕಡೆಯ ತುದಿಯಲ್ಲಿ ಪಿನ್‌ಗಳ ಜೋಡಣೆಗೆ ಎಲ್ಲರೂ ಒಪ್ಪಿದ ನಿಯಮವಿಲ್ಲ. ಸಿಕ್ಕಿಸಿದರೆ ಸಲೀಸಾಗಿ ಕೂರುತ್ತದೆ, ಆನ್ ಮಾಡಿದ ಕೂಡಲೇ 5 ವೋಲ್ಟ್ ಹೋಗಬೇಕಾದಲ್ಲಿ 12 ಹೋಗಿ ಹಾರ್ಡ್‌ಡಿಸ್ಕ್ ಸತ್ತಿರುತ್ತದೆ.

ಪ್ರಶ್ನೆ: ಬಳಸಿದ ಗ್ರಾಫಿಕ್ಸ್ ಕಾರ್ಡ್ ಅರ್ಧ ಬೆಲೆಗೆ ಸಿಗುತ್ತಿದೆ. ಗಣಿಗಾರಿಕೆಗೆ, ಅಂದರೆ ಕ್ರಿಪ್ಟೊ ಮೈನಿಂಗಿಗೆ ಬಳಸಿದ್ದಿರಬಹುದೇ ಅನ್ನುವ ಭಯ. ಏನೇನು ಪರೀಕ್ಷಿಸಬೇಕು?

ಉತ್ತರ: ಮೈನಿಂಗ್ ಕಾರ್ಡ್ ಎಂಬುದೊಂದೇ ತಿರಸ್ಕರಿಸಲು ಕಾರಣವಲ್ಲ. ಅಲ್ಲಿ ಚಿಪ್ ಒಂದೇ ಹದದ ಬಿಸಿಯಲ್ಲಿ ಓಡಿರುತ್ತದೆ, ಸವೆಯುವುದು ಫ್ಯಾನಿನ ಬೇರಿಂಗ್ ಮತ್ತು ಮೆಮೊರಿಯ ಮೇಲಿನ ಥರ್ಮಲ್ ಪ್ಯಾಡ್. ಎರಡನ್ನೂ ಬದಲಿಸಬಹುದು. ಭಯಪಡಬೇಕಾದದ್ದು ನಕಲಿ ಕಾರ್ಡಿಗೆ, ಯಾರೋ ಬೆಸುಗೆ ಹಾಕಿ ರಿಪೇರಿ ಮಾಡಿದ ಕಾರ್ಡಿಗೆ.

ಓಡುತ್ತಿರುವ ಪಿಸಿಯಲ್ಲಿ ಹಾಕಿ ತೋರಿಸದೆ ಕೊಳ್ಳಬೇಡಿ. ಮೊದಲು ಕಾರ್ಡಿನ ವಿವರ ತೋರಿಸುವ ಜಿಪಿಯು-ಝಡ್ ತಂತ್ರಾಂಶ ತೆರೆಯಿರಿ. ಹಳೆಯ ಚಿಪ್ಪಿಗೆ ಹೊಸ ಹೆಸರಿನ ಬಯಾಸ್ ತುಂಬಿ ಮಾರುವ ಎನ್‌ವಿಡಿಯಾ ನಕಲಿಗಳನ್ನು ಅದು ಬಹುಮಟ್ಟಿಗೆ ‘ಫೇಕ್’ ಅಂತಲೇ ಗುರುತಿಸಿ ತೋರಿಸುತ್ತದೆ. ಕೋರ್‌ಗಳ ಸಂಖ್ಯೆ, ಬಸ್ ಅಗಲ, ಮೆಮೊರಿಯ ಬಗೆ ಈ ಮೂರನ್ನು ಕಂಪನಿಯ ಅಧಿಕೃತ ವಿವರದೊಂದಿಗೆ ಹೋಲಿಸಿ. ಹೊಸ ಮಾದರಿ ಅನ್ನುವ ಕಾರ್ಡಿನ ಹಿಂಬದಿಯಲ್ಲಿ ನೀಲಿ ಬಣ್ಣದ ವಿಜಿಎ ಕಿಂಡಿ ಕಂಡರೆ ಅಲ್ಲಿಂದಲೇ ಎದ್ದು ಬನ್ನಿ.

ಆಮೇಲೆ ಫರ್‌ಮಾರ್ಕ್ (ಕಾರ್ಡಿಗೆ ಪೂರ್ತಿ ಹೊರೆ ಹಾಕುವ ತಂತ್ರಾಂಶ) ಅಥವಾ ಯಾವುದಾದರೂ ಭಾರಿ ಗೇಮ್ ಹದಿನೈದು ಇಪ್ಪತ್ತು ನಿಮಿಷ ಓಡಿಸಿ. ಎರಡು ನಿಮಿಷ ಓಡಿಸಿ ‘ನೋಡಿ, ಚೆನ್ನಾಗಿದೆ’ ಅನ್ನುವವರನ್ನು ನಂಬಬೇಡಿ, ಕೆಟ್ಟ ಬೆಸುಗೆ ಬಾಯಿ ಬಿಡುವುದು ಬಿಸಿಯಾದ ಮೇಲೆ. ಬಣ್ಣದ ಚುಕ್ಕಿಗಳು, ಚೌಕುಳಿ, ಗೆರೆಗಳು ಕಂಡರೆ ಮೆಮೊರಿ ಕೆಟ್ಟಿದೆ ಅಂತ ತಿಳಿಯಿರಿ. ಎಚ್‌ಡಬ್ಲ್ಯುಇನ್ಫೊದಲ್ಲಿ ಚಿಪ್ಪಿನ ಉಷ್ಣತೆ ಮತ್ತು ‘ಹಾಟ್‌ಸ್ಪಾಟ್’ (ಚಿಪ್ಪಿನ ಅತಿ ಬಿಸಿಯ ಜಾಗ) ನಡುವಿನ ಅಂತರ ನೋಡಿ: 10–15 ಡಿಗ್ರಿ ಸಹಜ, 25 ಮೀರಿದರೆ ಚಿಪ್ಪಿನ ಬಿಸಿಯನ್ನು ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಒಣಗಿದೆ ಅಥವಾ ಹೀಟ್‌ಸಿಂಕ್ ಸರಿಯಾಗಿ ಕೂತಿಲ್ಲ. ಇದಕ್ಕೆ ಮದ್ದಿದೆ, ಬೆಲೆ ಇಳಿಸಲು ಇದನ್ನೇ ಹಿಡಿದು ಮಾತಾಡಿ. ಒಸಿಸಿಟಿ ತಂತ್ರಾಂಶದ ವಿಡಿಯೊ ಮೆಮೊರಿ ಪರೀಕ್ಷೆಯಲ್ಲಿ ಒಂದೇ ಒಂದು ದೋಷ ಬಂದರೂ ಬೇಡ.

ಕೊನೆಗೆ ಕಾರ್ಡನ್ನು ಕೈಗೆತ್ತಿಕೊಂಡು ಟಾರ್ಚ್ ಬೆಳಕಿನಲ್ಲಿ ನೋಡಿ. ಹೀಟ್‌ಸಿಂಕ್ ರೆಕ್ಕೆಗಳ ಅಂಚು ಬಿಳಿಚಿ ಪುಡಿಯಾಗುತ್ತಿದ್ದರೆ ತೇವದ ಜಾಗದಲ್ಲಿತ್ತು. ಸ್ಕ್ರೂ ತಲೆಗಳು ಕಿತ್ತುಹೋಗಿದ್ದರೆ ಯಾರೋ ಬಿಚ್ಚಿದ್ದಾರೆ. ಚಿಪ್ಪಿನ ಸುತ್ತ ಕಂದು ಬಣ್ಣದ ಅಂಟು ಕಲೆ ಇದ್ದರೆ ಬಿಸಿಗಾಳಿ ಹೊಡೆದು ರಿಪೇರಿ ಮಾಡಿದ್ದು. ಪ್ರತಿ ಡಿಸ್‌ಪ್ಲೇಪೋರ್ಟ್, ಎಚ್‌ಡಿಎಂಐ ಕಿಂಡಿಗೂ ಮಾನಿಟರ್ ಸಿಕ್ಕಿಸಿ ನೋಡುವುದನ್ನು ಮರೆಯಬೇಡಿ. ಪವರ್ ಸಪ್ಲೈ ಮತ್ತು ಎಸ್‌ಎಸ್‌ಡಿ ಮಾತ್ರ ಬಳಸಿದ್ದು ಕೊಳ್ಳಬೇಡಿ, ಪ್ರೊಸೆಸರ್ ಮತ್ತು ರ‍್ಯಾಮ್ ಧಾರಾಳವಾಗಿ ಕೊಳ್ಳಬಹುದು.

ಪ್ರಶ್ನೆ: 12 ಕೋರಿನ ಝಿಯಾನ್ ಪ್ರೊಸೆಸರ್, ಬೋರ್ಡ್, 32 ಜಿಬಿ ರ‍್ಯಾಮ್ ಸೇರಿದ ಕಿಟ್ ಹೊಸ ಆರು ಕೋರಿನ ಪ್ರೊಸೆಸರ್ ಒಂದರ ಬೆಲೆಗೇ ಸಿಗುತ್ತಿದೆ. ಇಷ್ಟು ಅಗ್ಗ ಹೇಗೆ?

ಉತ್ತರ: ಸರ್ವರ್‌ಗಳಿಂದ ಕಳಚಿ ಮಾರಿದ ಸರಕು. ಇಂಥ ಕಿಟ್‌ಗಳಲ್ಲಿ ಸಾಮಾನ್ಯವಾಗಿ ಬರುವ ಝಿಯಾನ್ ಇ5-2670 ವಿ3 2014ರದ್ದು, ಅದರ ಗರಿಷ್ಠ ವೇಗ 3.1 ಗಿಗಾಹರ್ಟ್ಸ್. ಗೇಮ್‌ನ ಮುಖ್ಯ ಕೆಲಸ ಒಂದೆರಡು ಕೋರ್‌ಗಳ ಮೇಲೇ ಬೀಳುವುದರಿಂದ ಉಳಿದ ಹತ್ತು ಸುಮ್ಮನೆ ಕೂತಿರುತ್ತವೆ. ರ‍್ಯಾಮ್ ಹೆಚ್ಚಾಗಿ ಸರ್ವರಿನ ರಿಜಿಸ್ಟರ್ಡ್ ಇಸಿಸಿ ಬಗೆಯದ್ದು, ಮುಂದೆ ಸಾಮಾನ್ಯ ಬೋರ್ಡಿಗೆ ಹೋದಾಗ ಅದು ಕೆಲಸಕ್ಕೆ ಬಾರದು. ಈ ಪ್ರೊಸೆಸರ್ ವಿಂಡೋಸ್ 11ರ ಬೆಂಬಲ ಪಟ್ಟಿಯಲ್ಲಿಲ್ಲ, ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ರಲ್ಲಿ ವ್ಯಾಲೊರಂಟ್ ಆಡಲು ಟಿಪಿಎಂ 2.0 ಮತ್ತು ಸೆಕ್ಯೂರ್ ಬೂಟ್ ಎಂಬ ಎರಡೂ ಭದ್ರತಾ ಸೌಲಭ್ಯಗಳು ಕಡ್ಡಾಯ. ಈ ಬೋರ್ಡುಗಳಲ್ಲಿ ಅದನ್ನು ನೆಚ್ಚಿಕೊಳ್ಳುವಂತಿಲ್ಲ. ರೆಂಡರಿಂಗ್ ಕಲಿಯಲು ಬೇಕಾದರೆ ಕೊಳ್ಳಿ, ಗೇಮಿಗೆ ಐ3 12100ಎಫ್‌ನ ನಾಲ್ಕೇ ಕೋರ್ ಇದಕ್ಕಿಂತ ಮೇಲು.

ಪ್ರಶ್ನೆ: ಎಸ್‌ಎಸ್‌ಡಿ ಎಷ್ಟು ವೇಗದ್ದು ಬೇಕು?

ಉತ್ತರ: ಪಿಸಿಐಇ 3.0 ಎನ್‌ವಿಎಂಇ (ಪಿಸಿಐಇ ದಾರಿಯಲ್ಲೇ ಓಡುವ ಎಸ್‌ಎಸ್‌ಡಿ), 1 ಟಿಬಿ. ಸೆಕೆಂಡಿಗೆ 3500 ಎಂಬಿಯದ್ದಕ್ಕೂ 7000 ಎಂಬಿಯದ್ದಕ್ಕೂ ಗೇಮ್ ತೆರೆದುಕೊಳ್ಳುವ ಹೊತ್ತಿನಲ್ಲಿ ಕಾಣುವ ವ್ಯತ್ಯಾಸ ಅತ್ಯಲ್ಪ. ಎಂ.2 ಆಕಾರವಿದ್ದ ಮಾತ್ರಕ್ಕೆ ಎನ್‌ವಿಎಂಇ ಆಗಬೇಕಿಲ್ಲ, ಅದೇ ಆಕಾರದಲ್ಲಿ 550 ಎಂಬಿಯ ಹಳೆಯ, ನಿಧಾನದ ಸಾಟಾ ಕೂಡ ಬರುತ್ತದೆ. ಕೆಲವು ಬೋರ್ಡುಗಳಲ್ಲಿ ಎಂ.2 ಜಾಗ ತುಂಬಿದರೆ ಒಂದೆರಡು ಸಾಟಾ ಕಿಂಡಿಗಳು ತಾವಾಗಿಯೇ ಮುಚ್ಚಿಕೊಳ್ಳುತ್ತವೆ. ಹಳೆ ಹಾರ್ಡ್‌ಡಿಸ್ಕ್ ಕಾಣದಿದ್ದರೆ ಮ್ಯಾನ್ಯುಯಲ್ ನೋಡಿ ಬೇರೆ ಕಿಂಡಿಗೆ ಹಾಕಿ.

ಪ್ರಶ್ನೆ: ಎಲ್ಲ ಜೋಡಿಸಿದೆ. ಫ್ಯಾನ್‌ಗಳು ತಿರುಗುತ್ತವೆ, ದೀಪ ಉರಿಯುತ್ತದೆ, ಪರದೆಯಲ್ಲಿ ಮಾತ್ರ ಏನೂ ಇಲ್ಲ. ಯಾವುದು ಸುಟ್ಟಿರಬಹುದು?
— ಐಟಿಐ ವಿದ್ಯಾರ್ಥಿ

ಉತ್ತರ: ಬಹುಶಃ ಏನೂ ಸುಟ್ಟಿಲ್ಲ. ಈ ಕ್ರಮದಲ್ಲೇ ನೋಡುತ್ತ ಹೋಗಿ.

ಮಾನಿಟರ್ ವೈರ್ ಗ್ರಾಫಿಕ್ಸ್ ಕಾರ್ಡಿನ ಕಿಂಡಿಯಲ್ಲಿದೆಯೇ, ಬೋರ್ಡಿನ ಕಿಂಡಿಯಲ್ಲಿದೆಯೇ? ಎಡವುವವರಲ್ಲಿ ಹೆಚ್ಚಿನವರು ಎಡವುವುದು ಇಲ್ಲೇ. ಬೋರ್ಡಿನ ಮೇಲ್ಭಾಗದ ಎಡಮೂಲೆಯಲ್ಲಿ ಪ್ರೊಸೆಸರಿಗೆ ಪ್ರತ್ಯೇಕ ವಿದ್ಯುತ್ ಕೊಡುವ 8 ಪಿನ್ ಕಿಂಡಿ ಇದೆ. ಅದಕ್ಕೆ ‘ಸಿಪಿಯು’ ಎಂದು ಬರೆದ, 4+4 ಆಗಿ ಸೀಳುವ ವೈರ್ ಹೋಗಬೇಕು. 6+2 ಆಗಿ ಸೀಳುವುದು ಗ್ರಾಫಿಕ್ಸ್ ಕಾರ್ಡಿನದ್ದು. ಆಮೇಲೆ ರ‍್ಯಾಮ್: ಎರಡನ್ನೂ ತೆಗೆದು ಒಂದನ್ನೇ ಎರಡನೆಯ ಸ್ಲಾಟಿಗೆ, ‘ಟಕ್’ ಎನ್ನುವವರೆಗೆ ಎರಡೂ ತುದಿ ಒತ್ತಿ ಕೂರಿಸಿ. ನೀವು ಅಂದುಕೊಂಡಿದ್ದಕ್ಕಿಂತ ಹೆಚ್ಚು ಬಲವೇ ಬೇಕು. ಡಿಡಿಆರ್5 ಆಗಿದ್ದರೆ ಮೊದಲ ಸಲ ಮೆಮೊರಿ ಟ್ರೇನಿಂಗಿಗೆ ಕೆಲವು ನಿಮಿಷ ಹಿಡಿಯುತ್ತದೆ. ಅಷ್ಟರಲ್ಲಿ ಆಫ್ ಮಾಡಿದರೆ ಮತ್ತೆ ಮೊದಲಿಂದ ಶುರು. ಹತ್ತು ನಿಮಿಷ ಹಾಗೇ ಬಿಡಿ.

ಬೋರ್ಡಿನ ಅಂಚಿನಲ್ಲಿ ಸಿಪಿಯು, ಡಿರ‍್ಯಾಮ್, ವಿಜಿಎ, ಬೂಟ್ ಎಂಬ ನಾಲ್ಕು ಪುಟ್ಟ ದೀಪಗಳಿದ್ದರೆ ಯಾವುದರಲ್ಲಿ ನಿಂತಿದೆಯೋ ಅದೇ ಸುಳಿವು. ಸಿಪಿಯು ದೀಪದಲ್ಲೇ ನಿಂತರೆ ಬಯಾಸ್ ಹಳೆಯದಾಗಿರಬಹುದು. ಇಷ್ಟಕ್ಕೂ ಬಗ್ಗದಿದ್ದರೆ ವಿದ್ಯುತ್ ತೆಗೆದು ಬೋರ್ಡಿನ ಗುಂಡು ಬ್ಯಾಟರಿಯನ್ನು ಐದು ನಿಮಿಷ ಕಳಚಿಟ್ಟು ಮತ್ತೆ ಹಾಕಿ, ಬಯಾಸ್ ಸೆಟ್ಟಿಂಗ್ ಮೊದಲಿನ ಸ್ಥಿತಿಗೆ ಬರುತ್ತದೆ.

ಆನ್ ಆಗಿ ಒಂದೇ ಸೆಕೆಂಡಿಗೆ ಆರುತ್ತಿದ್ದರೆ ಕತೆ ಬೇರೆ. ಕ್ಯಾಬಿನೆಟ್ ತಟ್ಟೆಯ ಮೇಲಿನ ಹಿತ್ತಾಳೆಯ ಆಧಾರಗಳಲ್ಲಿ ಒಂದು ಬೋರ್ಡಿನ ತೂತಿಲ್ಲದ ಕಡೆ ಇದ್ದು ಬೋರ್ಡಿನ ಬೆನ್ನಿಗೆ ತಾಗಿ ಶಾರ್ಟ್ ಆಗುತ್ತಿರಬಹುದು. ಬೋರ್ಡನ್ನು ಹೊರತೆಗೆದು ಅದರ ರಟ್ಟಿನ ಡಬ್ಬದ ಮೇಲಿಟ್ಟು, ಪ್ರೊಸೆಸರ್, ಕೂಲರ್, ಒಂದು ರ‍್ಯಾಮ್, ಕಾರ್ಡ್ ಇಷ್ಟರಲ್ಲೇ ಆನ್ ಮಾಡಿ. ಅಲ್ಲಿ ಓಡಿದರೆ ತಪ್ಪು ಕ್ಯಾಬಿನೆಟ್ಟಿನಲ್ಲಿದೆ.

ಇದರ ನಡುವೆ ಎಎಂ4 ಪ್ರೊಸೆಸರಿನ ಕೂಲರ್ ಬಿಚ್ಚಬೇಕಾಗಿ ಬಂದರೆ ಸೀದಾ ಮೇಲಕ್ಕೆ ಎಳೆಯಬೇಡಿ. ಪೇಸ್ಟ್ ಹಿಡಿದು ಪ್ರೊಸೆಸರೇ ಸಾಕೆಟ್ಟಿನಿಂದ ಕಿತ್ತು ಬರುತ್ತದೆ, ಪಿನ್‌ಗಳು ಬಾಗುತ್ತವೆ. ಸ್ಕ್ರೂ ಬಿಚ್ಚಿ, ಕೂಲರನ್ನು ಎಡಕ್ಕೂ ಬಲಕ್ಕೂ ನಿಧಾನವಾಗಿ ತಿರುಚಿ ಸಡಿಲಿಸಿ ಎತ್ತಿ. ಬೆಚ್ಚಗಿದ್ದಾಗ ಸುಲಭ. ಮತ್ತೆ ಕೂರಿಸುವಾಗ ಹಳೆ ಪೇಸ್ಟ್ ಒರೆಸಿ, ಬಟಾಣಿ ಕಾಳಿನಷ್ಟು ಹೊಸದು ಹಾಕಿದರೆ ಸಾಕು.

ಪ್ರಶ್ನೆ: ಹಳೆ ಕಾರ್ಡ್ ತೆಗೆದು ಆರ್‌ಟಿಎಕ್ಸ್ 4060 ಹಾಕಿದೆ. ಒಂದು ಗೇಮ್‌ನಲ್ಲಿ ವೇಗ ಇಮ್ಮಡಿಯಾಯಿತು, ಇನ್ನೊಂದರಲ್ಲಿ ಅಷ್ಟೇ ಇದೆ. ಬಾಟಲ್‌ನೆಕ್ ಕ್ಯಾಲ್ಕ್ಯುಲೇಟರ್ (ಯಾವ ಭಾಗ ಇನ್ನೊಂದನ್ನು ತಡೆಯುತ್ತಿದೆ ಎಂದು ಹೇಳುವ ಜಾಲತಾಣ) ‘ಶೇ. 18’ ಅನ್ನುತ್ತದೆ. ನಂಬಲೇ?

ಉತ್ತರ: ಆ ಕ್ಯಾಲ್ಕ್ಯುಲೇಟರ್‌ಗಳನ್ನು ಮರೆತುಬಿಡಿ. ಗೇಮ್ ಯಾವುದು, ಸೆಟ್ಟಿಂಗ್ ಏನು ಅಂತ ಗೊತ್ತಿಲ್ಲದೆ ಶೇಕಡಾ ಹೇಳಲು ಬರುವುದಿಲ್ಲ. ಎಂಎಸ್‌ಐ ಆಫ್ಟರ್‌ಬರ್ನರ್ ಹಾಕಿ ಆಟದ ನಡುವೆ ಕಾರ್ಡಿನ ಬಳಕೆ ನೋಡಿ. ಶೇ. 95–99 ಇದ್ದರೆ ಕಾರ್ಡ್ ಪೂರ್ತಿ ದುಡಿಯುತ್ತಿದೆ. 60–70ರಲ್ಲೇ ಅಡ್ಡಾಡುತ್ತಿದ್ದರೆ ಪ್ರೊಸೆಸರ್ ಕೆಲಸ ಕೊಡುವಷ್ಟು ವೇಗವಾಗಿಲ್ಲ, ಅಥವಾ ಗೇಮ್‌ನಲ್ಲಿ ಎಲ್ಲೋ ಫ್ರೇಮ್ (ಸೆಕೆಂಡಿಗೆ ಬರುವ ಚಿತ್ರಗಳ) ಮಿತಿ ಹಾಕಿಕೊಂಡಿದ್ದೀರಿ. ಖಚಿತಪಡಿಸಿಕೊಳ್ಳಲು ಆ ಮಿತಿ ತೆಗೆದು ರೆಸಲ್ಯೂಶನ್ 720ಪಿಗೆ ಇಳಿಸಿ. ಆಗಲೂ ಫ್ರೇಮ್ ಏರದಿದ್ದರೆ ಪ್ರೊಸೆಸರೇ ತಡೆ. ಪ್ರೊಸೆಸರಿನ ಒಟ್ಟು ಬಳಕೆ ಶೇ. 40 ಅಂತ ತೋರಿಸಿದರೂ ಮೋಸಹೋಗಬೇಡಿ. ಒಂದೇ ಕೋರ್ ನೂರಕ್ಕೆ ನೂರು ದುಡಿದು ಉಳಿದವು ಬಿಡುವಾಗಿದ್ದರೆ ಸರಾಸರಿ ಹಾಗೇ ಬರುತ್ತದೆ. ಹೊಸ ಪ್ರೊಸೆಸರಿಗೆ ಓಡುವ ಮುಂಚೆ ರ‍್ಯಾಮ್ ಜೋಡಿಯಲ್ಲಿದೆಯೇ, ಎಕ್ಸ್‌ಎಂಪಿ ಆನ್ ಇದೆಯೇ ಅಂತ ಒಮ್ಮೆ ನೋಡಿ.

ಪ್ರಶ್ನೆ: ಮುಂಭಾಗ ಪೂರ್ತಿ ಗಾಜಿರುವ ಕ್ಯಾಬಿನೆಟ್ ಚೆನ್ನಾಗಿ ಕಾಣುತ್ತದೆ. ತಗೊಳ್ಳಬಹುದೇ?

ಉತ್ತರ: ಗಾಜು ಪಕ್ಕದಲ್ಲಿರಲಿ, ಮುಂಭಾಗಕ್ಕೆ ಜಾಲರಿ ಇರಲಿ. ಮುಂದೆ ಎರಡು ಫ್ಯಾನ್ ಒಳಕ್ಕೆ, ಹಿಂದೆ ಒಂದು ಹೊರಕ್ಕೆ. ಕೊಳ್ಳುವ ಮೊದಲು ಕಾರ್ಡಿನ ಉದ್ದವನ್ನೂ ಕ್ಯಾಬಿನೆಟ್ ಒಪ್ಪುವ ಗರಿಷ್ಠ ಉದ್ದವನ್ನೂ ಮಿಲಿಮೀಟರಿನಲ್ಲಿ ಹೋಲಿಸಿ.

ಪ್ರಶ್ನೆ: 144 ಹರ್ಟ್ಸ್ ಮಾನಿಟರ್ ತಂದೆ. 60ರದ್ದಕ್ಕೂ ಇದಕ್ಕೂ ನನಗಂತೂ ಏನೂ ವ್ಯತ್ಯಾಸ ಕಾಣುತ್ತಿಲ್ಲ.

ಉತ್ತರ: ವಿಂಡೋಸ್ ಇನ್ನೂ 60ರಲ್ಲೇ ಓಡಿಸುತ್ತಿರಬೇಕು. ಸೆಟ್ಟಿಂಗ್ಸ್, ಸಿಸ್ಟಮ್, ಡಿಸ್‌ಪ್ಲೇ, ಅಡ್ವಾನ್ಸ್ಡ್ ಡಿಸ್‌ಪ್ಲೇಗೆ ಹೋಗಿ ರಿಫ್ರೆಶ್ ರೇಟನ್ನು 144 ಮಾಡಿ. ಪಟ್ಟಿಯಲ್ಲಿ 144 ಇಲ್ಲದೇ ಇದ್ದರೆ ಎಚ್‌ಡಿಎಂಐ ಬಿಟ್ಟು ಡಿಸ್‌ಪ್ಲೇಪೋರ್ಟ್ ವೈರ್ ಸಿಕ್ಕಿಸಿ, ಮಾನಿಟರಿನ ಸ್ವಂತ ಮೆನುವಿನಲ್ಲೂ ಆ ಕಿಂಡಿಯನ್ನೇ ಆರಿಸಿ. ಕೆಲವು ಮಾನಿಟರ್‌ಗಳ ಎಚ್‌ಡಿಎಂಐ ಕಿಂಡಿ 1.4 ಆವೃತ್ತಿಯದ್ದಾಗಿದ್ದು 1080ಪಿಯಲ್ಲಿ 120ರ ಆಚೆ ಹೋಗುವುದಿಲ್ಲ. ಗೇಮ್‌ನ ಒಳಗೆ ವಿಸಿಂಕ್ ಅಥವಾ ಫ್ರೇಮ್ ಮಿತಿ 60ಕ್ಕೆ ಕಟ್ಟಿದ್ದರೆ ಅದನ್ನೂ ಬಿಚ್ಚಬೇಕು.